ತಿಥಿ-2: ವಿವರಣೆ ಇಲ್ಲದ ಕಾಲಂ

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವರನ್ನು ಡೇಟಾಬೇಸ್ ಕೆಲಸಕ್ಕೆ ತೆಗೆದುಕೊಳ್ಳಬಾರದು ಎಂದು ನನ್ನ ಮೊದಲ ಮೇಲಧಿಕಾರಿ ರಾಜಲಕ್ಷ್ಮಿ ಮೇಡಂ ಹೇಳುತ್ತಿದ್ದರು. ಹೇಳುತ್ತಲೇ ನನ್ನನ್ನು ತೆಗೆದುಕೊಂಡರು. ಇಪ್ಪತ್ತೇಳು ವರ್ಷ ಆ ಕೆಲಸ ಮಾಡಿ, ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ಪಡೆದು ಈಗ ಮನೆಯಲ್ಲಿ ಕೂತಿದ್ದೇನೆ. ಮೇಡಂ ಹೇಳಿದ್ದರಲ್ಲಿ ಅರ್ಧ ಸರಿ ಎಂದು ಈಗ ಒಪ್ಪುತ್ತೇನೆ. ಉಳಿದರ್ಧಕ್ಕೆ ಉತ್ತರ ಕೊಡಲು ಇವತ್ತಿಗೂ ತಯಾರಿದ್ದೇನೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಹೇಳಬೇಕೆನಿಸುವುದು ಒಂದು ಪಟ್ಟಿಯ ಕಥೆ. ಅದನ್ನು ತಯಾರಿಸಲು ನಾನು ಬರೆದ ಕೆಲವೇ ಸಾಲುಗಳ ದೆಸೆಯಿಂದ, ಒಬ್ಬ ಹೆಂಗಸು ತನ್ನ ಗಂಡ ಬದುಕಿದ್ದಾನೋ ಇಲ್ಲವೋ ಎಂದು ಕೇಳಿಕೊಂಡು ಬಸವನಗುಡಿಯಿಂದ ಚಾಮರಾಜಪೇಟೆಗೆ ನಡೆದು ಬರಬೇಕಾಯಿತು. ಅಲ್ಲಿಗೆ ಬರುವ ಮುಂಚೆ ಪಟ್ಟಿ ಎಂದರೇನು ಎಂದು ಹೇಳಿಬಿಡುತ್ತೇನೆ.

ಶೇಷಾದ್ರಿಪುರದಲ್ಲಿ ನೋಟುಬುಕ್ಕು, ಪೆನ್ನು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ಮೇಡಂ ಆಫೀಸು. ಮೂರು ಕಂಪ್ಯೂಟರು, ಗರಗರ ಎನ್ನುವ ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಅದರ ಮೇಲೆ ಹೊದಿಸಲು ಮೇಡಂ ಮನೆಯಿಂದ ತಂದ ಹಳೆಯ ಸೀರೆಯ ತುಂಡು. ಕಾರ್ಖಾನೆಯೊಂದರಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕಂಪ್ಯೂಟರಿಗೆ ಉಣ್ಣಿಸುತ್ತಿದ್ದ ಕಾಲದಿಂದ ಬಂದವರು ಅವರು. ಚಿಕ್ಕಪುಟ್ಟ ಅಂಗಡಿ, ಶಾಲೆ, ಟ್ರಸ್ಟುಗಳಿಗೆ ಮೇಜಿನ ಕಂಪ್ಯೂಟರಿನಲ್ಲೇ ನಡೆಯುವ ಡೇಟಾಬೇಸ್ ಮಾಡಿಕೊಡುವುದು, ಇನ್ನೊಬ್ಬರು ಮಾಡಿ ಕೈಬಿಟ್ಟು ಹೋದದ್ದನ್ನು ರಿಪೇರಿ ಮಾಡುವುದು ಕಸುಬು. ತೊಂಬತ್ತರ ದಶಕದ ಕೊನೆಯಲ್ಲಿ ಊರಿನಲ್ಲಿ ಎರಡನೆಯ ಬಗೆಯ ಕೆಲಸವೇ ಹೆಚ್ಚಿತ್ತು.

ಸಂದರ್ಶನಕ್ಕೆ ಹೋದಾಗ ಮೇಡಂ ಒಂದು ಫೈಲು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇದ್ರಲ್ಲಿ ಎಷ್ಟು ಟೇಬಲ್ ಇದೆ ಹೇಳು."

ಟೇಬಲ್ ಎಂದರೆ ಸಾಲು, ಕಾಲಂ ಇರುವ ಮಾಹಿತಿಯ ಕೋಷ್ಟಕ. ಪರದೆಯ ಮೇಲಿದ್ದ ಹೆಸರುಗಳನ್ನು ಎಣಿಸಿದೆ. "ಹತ್ತೊಂಬತ್ತು."

"ಇಪ್ಪತ್ತೈದು."

"ಕಾಣ್ತಿರೋದು ಹತ್ತೊಂಬತ್ತೇ ಮೇಡಂ."

"ಕಾಣದೆ ಇರೋದು ಆರಿದೆ."

"ಕಾಣದೆ ಇರೋದು ಇದೆ ಅಂತ ದೇವಸ್ಥಾನದಲ್ಲೂ ಹೇಳ್ತಾರೆ. ಅಲ್ಲೂ ನಾನು ಒಪ್ಪಿಲ್ಲ."

ಮೇಡಂ ನಗಲಿಲ್ಲ. "ಒಪ್ಬೇಡ. ಆ ಫೈಲನ್ನೇ ಕೇಳು," ಎಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಐದು ಸಾಲು ಬರೆದರು. ಫೈಲು ತೆರೆ. ಅದರ ಟೇಬಲ್‌ಗಳ ಗುಂಪನ್ನು ಹಿಡಿ. ಒಂದೊಂದನ್ನೂ ಹೆಸರು ಕೇಳು. ಮುದ್ರಿಸು. ಮುಂದಿನದಕ್ಕೆ ಹೋಗು. ಇಪ್ಪತ್ತೈದು ಹೆಸರು ಬಂದವು. ಹೆಚ್ಚಿಗೆ ಬಂದ ಆರನ್ನು ಡೇಟಾಬೇಸ್ ತನ್ನ ಉಪಯೋಗಕ್ಕೆಂದು ಮುಚ್ಚಿಟ್ಟುಕೊಂಡಿತ್ತು. ತನ್ನೊಳಗೆ ಏನೇನಿದೆ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಅದು ತನ್ನ ಬಗ್ಗೆ ತಾನೇ ಬರೆದುಕೊಂಡ ವಿವರ ಅಲ್ಲಿತ್ತು. ಇಂಥ ವಿವರಕ್ಕೆ ಮೆಟಾಡೇಟಾ ಎನ್ನುತ್ತಾರೆ ಎಂದು ಗೊತ್ತಾದದ್ದು ಅವತ್ತು.

"ಯಾರೋ ಮಾಡಿಟ್ಟ ಡೇಟಾಬೇಸು ಕೈಗೆ ಬಂದ್ರೆ ಮೊದಲು ಪಟ್ಟಿ ತೆಗಿ," ಎಂದರು ಮೇಡಂ. "ಟೇಬಲ್ಲು, ಕಾಲಮ್ಮು, ಎಲ್ಲಾನೂ. ಆಮೇಲೆ ವಾದ ಮಾಡು."

ನಾನು ಪಟ್ಟಿ ತೆಗೆಯುವುದನ್ನು ಕಲಿತೆ. ವಾದವನ್ನು ಮುಂದೂಡುವುದನ್ನು ಕಲಿಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಬಳೇಪೇಟೆಯಲ್ಲಿ, ಬಳೆ ಸಗಟು ವ್ಯಾಪಾರಿ ನಂಜುಂಡ ಶೆಟ್ಟರ ಮಳಿಗೆಯಲ್ಲಿ. ಅವರ ಸರಕಿನ ವಿವರವನ್ನೆಲ್ಲ ಹಳೆಯ ಫೈಲಿನಿಂದ ಹೊಸ ಡೇಟಾಬೇಸಿಗೆ ಸಾಗಿಸಿ, ಟೇಬಲ್ ಮತ್ತು ಕಾಲಮ್ಮುಗಳ ಹೆಸರಿನ ಪಟ್ಟಿಯನ್ನು ಜಂಬದಿಂದ ಅವರ ಕೈಗೆ ಕೊಟ್ಟಿದ್ದೆ. ವಾರ ಕಳೆದು ಕರೆಸಿದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಏಳಲಿಲ್ಲ.

"ಬನ್ನಿ ಮೇಡಮ್ನೋರೆ. ಈ ಗಾಂಧಿ ಜಯಂತಿ ಬಳೆ ಯಾವ್ದು ಸ್ವಲ್ಪ ತೋರ್ಸಿ. ಗಿರಾಕಿ ಕೇಳ್ತಾವ್ರೆ."

ಬಳೆಯ ಅಳತೆಯನ್ನು ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಹೇಳುತ್ತಾರೆ. ದಪ್ಪ ಕೈಯವರಿಗೆ ಎರಡು-ಹತ್ತು. ಆ ಕಾಲಮ್ಮಿನಲ್ಲಿರುವುದು ತಾರೀಖು ಎಂದು ಕಂಪ್ಯೂಟರು ತನ್ನಷ್ಟಕ್ಕೆ ತೀರ್ಮಾನಿಸಿತ್ತು. ಎರಡು-ನಾಲ್ಕು ಏಪ್ರಿಲ್ ಎರಡಾಗಿತ್ತು. ಎರಡು-ಹತ್ತು ಅಕ್ಟೋಬರ್ ಎರಡಾಗಿತ್ತು.

"ಕಾಲಮ್ಮಿನ ಹೆಸರು ಅಳತೆ ಅಂತಲೇ ಇದೆಯಲ್ಲ ಶೆಟ್ರೆ," ಎಂದು ನಾನು ವಾದಿಸಿದೆ.

"ಹೆಸರು ಸಂಪತ್ತು ಅಂತ ಇಟ್ಬುಟ್ರೆ ಆಗೋಯ್ತಾ? ಜೇಬು ನೋಡ್ಬೇಕು ತಾನೆ."

ಅಂದಿನಿಂದ ನನ್ನ ಪಟ್ಟಿಯಲ್ಲಿ ಕಾಲಮ್ಮಿನ ಹೆಸರಿನ ಜೊತೆಗೆ ಅದರ ಬಗೆಯೂ ಬರತೊಡಗಿತು. ಅಂಕಿಯೋ, ಅಕ್ಷರವೋ, ತಾರೀಖೋ, ಎಷ್ಟು ಉದ್ದ, ಖಾಲಿ ಬಿಡಬಹುದೋ ಇಲ್ಲವೋ. ಕೊನೆಗೆ, ಆ ಕಾಲಂ ಮಾಡಿದವರು ಅದರ ಬಗ್ಗೆ ಒಂದು ಮಾತು ಬರೆದಿಟ್ಟಿದ್ದರೆ ಅದೂ. ಅದಕ್ಕೆ ವಿವರಣೆ ಎನ್ನೋಣ. ಈ ವಿವರಣೆಗೆ ಒಂದು ಗುಣವಿದೆ. ಯಾರೂ ಅದನ್ನು ಬರೆದಿಲ್ಲದಿದ್ದರೆ ಅದು ಖಾಲಿ ಇರುವುದಿಲ್ಲ, ಅದು ಇರುವುದೇ ಇಲ್ಲ. ಇಲ್ಲದ್ದನ್ನು ಕೇಳಿದರೆ ಪ್ರೋಗ್ರಾಂ ತಪ್ಪು ಎಂದು ಕೂಗಿ ನಿಂತುಬಿಡುತ್ತದೆ. ಪ್ರತಿ ಸಲ ನಿಂತರೆ ಪಟ್ಟಿ ಮುಗಿಯುವುದು ಯಾವಾಗ? ನಾನು ಮೇಲ್ಗಡೆ ಒಂದು ಸಾಲು ಸೇರಿಸಿದೆ. ತಪ್ಪು ಬಂದರೆ ಮಾತಾಡದೆ ಮುಂದಕ್ಕೆ ಹೋಗು ಎಂದು ಅದರ ಅರ್ಥ. ಆಗಿನ ಕಾಲದಲ್ಲಿ ಎಲ್ಲರೂ ಬರೆಯುತ್ತಿದ್ದ ಸಾಲೇ. ಪಟ್ಟಿ ಸರಾಗವಾಗಿ ಓಡಿತು.

ಆ ಪಟ್ಟಿಯನ್ನು ಹಿಡಿದು ಚಾಮರಾಜಪೇಟೆಗೆ ಹೋದೆ.

ಅಲ್ಲೊಂದು ಟ್ರಸ್ಟು. ಹೆಸರು ಬೇಡ. ಮನೆಯಲ್ಲಿ ಶ್ರಾದ್ಧ ಮಾಡಲು ಅನುಕೂಲವಿಲ್ಲದವರು ಅಲ್ಲಿಗೆ ಬಂದು ಮಾಡಿಸುತ್ತಿದ್ದರು. ತಿಥಿ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬೀಳುವುದರಿಂದ ಮನೆಯವರು ಮರೆಯುತ್ತಾರೆ. ಆದ್ದರಿಂದ ಟ್ರಸ್ಟಿನವರು ತಿಂಗಳು ಮುಂಚಿತವಾಗಿ ಪೋಸ್ಟ್ ಕಾರ್ಡ್ ಹಾಕುತ್ತಿದ್ದರು: ನಿಮ್ಮ ತೀರ್ಥರೂಪರ ತಿಥಿ ಇಂಥ ದಿನ ಬಂದಿದೆ. ನನಗೆ ಈ ವಿಷಯದಲ್ಲಿ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಡೇಟಾಬೇಸ್ ದೃಷ್ಟಿಯಿಂದ ಅದು ಸೊಗಸಾದ ಸಮಸ್ಯೆ.

ಹಳೆಯ ಪ್ರೋಗ್ರಾಂ ಮಾಡಿದವನು ಕಾಗದಪತ್ರ ಏನೂ ಕೊಡದೆ ಊರು ಬಿಟ್ಟಿದ್ದ. ಅದನ್ನು ದಿನವೂ ಬಳಸುತ್ತಿದ್ದವರು ಗುಮಾಸ್ತ ನರಹರಿರಾಯರು. ಅರವತ್ತರ ಸಮೀಪದ ಮನುಷ್ಯ, ಮಾತು ಕಡಿಮೆ. ಬಂದ ಕುಟುಂಬಗಳ ವಿವರವನ್ನು ಒಂದು ಬೆರಳಿನಿಂದ ಟೈಪು ಮಾಡುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕಾಲಮ್ಮುಗಳ ನಡುವೆ ತಿಥಿ-1, ತಿಥಿ-2 ಎಂದು ಎರಡು ಕಾಲಮ್ಮುಗಳಿದ್ದವು. ನನ್ನ ಪಟ್ಟಿಯಲ್ಲಿ ತಿಥಿ-1ರ ಎದುರು "ಮೃತರ ತಿಥಿ" ಎಂಬ ವಿವರಣೆ ಬಂದಿತ್ತು. ತಿಥಿ-2ರ ಎದುರೂ "ಮೃತರ ತಿಥಿ" ಎಂದೇ ಬಂದಿತ್ತು. ತಿಥಿ-2 ತುಂಬಿದ್ದ ಹೆಸರುಗಳು ಹದಿನಾಲ್ಕು ಮಾತ್ರ, ಮತ್ತು ಆ ಹದಿನಾಲ್ಕರಲ್ಲೂ ತಿಥಿ-1 ಖಾಲಿ.

ತೀರ್ಮಾನ ನನಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಒಂದೇ ವಿಷಯಕ್ಕೆ ಎರಡು ಕಾಲಂ. ರಾಯರು ಅಲ್ಲೊಮ್ಮೆ ಇಲ್ಲೊಮ್ಮೆ ಟೈಪು ಮಾಡಿದ್ದಾರೆ. ಎರಡನ್ನೂ ಕೂಡಿಸಿಬಿಡಬೇಕು.

ಟ್ರಸ್ಟಿನ ಕಾರ್ಯದರ್ಶಿಗಳ ಎದುರು ಇದನ್ನು ಮಂಡಿಸಿದೆ. ರಾಯರು ಬಾಗಿಲ ಬಳಿ ನಿಂತಿದ್ದರು.

"ತಾಯಿ, ಅದು ಬೇರೆ, ಇದು ಬೇರೆ," ಎಂದರು.

"ಹೇಗೆ ಬೇರೆ ರಾಯರೇ?"

"ಬೇರೇನೇ."

"ಒಂದು ಕಾರಣ ಹೇಳಿ ಸಾಕು. ನಾನು ಒಪ್ತೀನಿ."

ರಾಯರು ಕಾರ್ಯದರ್ಶಿಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಕಾಲುಗಳನ್ನು ನೋಡಿಕೊಂಡರು. ನಾನು ಪಟ್ಟಿಯನ್ನು ಬಿಚ್ಚಿ ಅವರ ಮುಂದೆ ಹಿಡಿದೆ. "ನೋಡಿ, ನಾನು ಹೇಳ್ತಿಲ್ಲ. ನಿಮ್ಮ ಡೇಟಾಬೇಸೇ ಹೇಳ್ತಿದೆ."

ಅವರು ಉತ್ತರ ಕೊಡಲಿಲ್ಲ. ವೇದಿಕೆಯ ಮೇಲೆ ಎದುರಾಳಿ ಸುಮ್ಮನಾದರೆ ಗಂಟೆ ಬಾರಿಸುತ್ತಾರೆ, ಕಪ್ ಕೊಡುತ್ತಾರೆ. ಎಂಟು ವರ್ಷ ಹಾಗೆ ಗೆದ್ದವಳಿಗೆ ಸುಮ್ಮನಿರುವ ಮನುಷ್ಯನ ಹತ್ತಿರ ಹೇಳಬಾರದ ಕಾರಣವೊಂದು ಇರಬಹುದು ಎಂದು ಹೊಳೆಯಲಿಲ್ಲ. ಕಾರ್ಯದರ್ಶಿಗಳು "ಸರಿ, ಹಾಗೇ ಮಾಡಿ" ಎಂದರು. ಖಾಲಿ ಇದ್ದ ಕಡೆ ತಿಥಿ-2ನ್ನು ತಿಥಿ-1ಕ್ಕೆ ತುಂಬಿಸಿದೆ. ಮುಂದಿನ ತಿಂಗಳ ಕಾರ್ಡುಗಳು ಮುದ್ರಣವಾಗಿ ಅಂಚೆಗೆ ಹೋದವು.

ನಾಲ್ಕು ದಿನ ಕಳೆದು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಲ್ಲೇ ಕೂತು ಏನೋ ತಿದ್ದುತ್ತಿದ್ದಾಗ ಒಬ್ಬರು ಬಂದರು. ಐವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಒಂದು ಪೋಸ್ಟ್ ಕಾರ್ಡು. ರಾಯರು ಅವರನ್ನು ಕಂಡವರೇ ಕುರ್ಚಿಯಿಂದ ಎದ್ದರು.

"ಸರೋಜಮ್ಮ, ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟರು. "ಪೋಸ್ಟ್‌ಮ್ಯಾನ್ ಓದಿಯೇ ಕೊಟ್ಟ. ನನ್ನ ಮುಖ ನೋಡ್ಲಿಲ್ಲ. ಇದನ್ನ ಮನೆಯೊಳಗೆ ತಗೊಂಡು ಹೋಗಿಲ್ಲ, ಗೇಟಿನ ಸಂದಿಯಲ್ಲೇ ಇಟ್ಟಿದ್ದೆ." ಕಾರ್ಡಿನ ಮೇಲೆ ಬೆರಳಿಟ್ಟು ಕೇಳಿದರು. "ಯಾರು ಹೇಳಿದ್ರು ನಿಮಗೆ? ಎಲ್ಲಿ ಸಿಕ್ಕಿದ್ರಂತೆ?"

ನಾನು ಕಾರ್ಡನ್ನು ಓದಿದೆ. ನಿಮ್ಮ ಯಜಮಾನರಾದ ದಿವಂಗತ ಇಂಥವರ ತಿಥಿ ಮಾಘ ಶುದ್ಧ ಸಪ್ತಮಿ, ಇಂಥ ತಾರೀಖಿನಂದು ಬಂದಿದೆ.

"ರಥಸಪ್ತಮಿ ದಿನ," ಎಂದರು ಸರೋಜಮ್ಮ, ನನಗೋ ರಾಯರಿಗೋ ತಿಳಿಯಲಿಲ್ಲ. "ಎಕ್ಕದ ಎಲೆ ಇಟ್ಕೊಂಡು ಸ್ನಾನ ಮಾಡಿ, ತಿಂಡಿ ತಿಂದು ಹೊರಗೆ ಹೋದವರು. ಎಂಟು ವರ್ಷ ಆಯ್ತು. ಕಾರ್ಡು ಬಂದಿದೆ ಅಂದ್ರೆ ಯಾರೋ ಬಂದು ನಿಮಗೆ ಹೇಳಿರ್ಬೇಕು. ಯಾರು, ಅಷ್ಟು ಹೇಳಿ."

ಬೈಯಲು ಬಂದಿರಬೇಕು ಎಂದುಕೊಂಡಿದ್ದೆ. ಅವರು ಸುದ್ದಿ ಕೇಳಲು ಬಂದಿದ್ದರು.

"ನನ್ನ ತಪ್ಪಮ್ಮ," ಎಂದರು ರಾಯರು. "ಕೈ ತಪ್ಪಿ ಹೋಗಿದೆ."

ಆ ಮಾತನ್ನು ನಾನು ತಕ್ಷಣ ತಡೆದೆ ಎಂದು ಬರೆದರೆ ಸುಳ್ಳಾಗುತ್ತದೆ. ತಡೆಯಲಿಲ್ಲ. ನಿಜಕ್ಕೂ ಅವರದೇ ತಪ್ಪಿರಬಹುದಲ್ಲ ಎಂಬ ಆಸೆಯಿಂದ ಹಳೆಯ ಫೈಲು ತೆರೆದು ತಿಥಿ-2ರ ವಿವರಣೆಯನ್ನು ನೇರವಾಗಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. "ಮೃತರ ತಿಥಿ" ಎಂಬ ಮಾತನ್ನು ಯಾರೂ ಅಲ್ಲಿ ಬರೆದೇ ಇರಲಿಲ್ಲ. ನನ್ನ ಪ್ರೋಗ್ರಾಂ ತಿಥಿ-1ರ ವಿವರಣೆಯನ್ನು ಕೈಯಲ್ಲಿ ಹಿಡಿದುಕೊಂಡು ತಿಥಿ-2ಕ್ಕೆ ಬಂದಿದೆ, ಅಲ್ಲಿ ಕೇಳಿದ್ದು ಸಿಕ್ಕಿಲ್ಲ, ತಪ್ಪಾಗಿದೆ, ಮಾತಾಡದೆ ಮುಂದಕ್ಕೆ ಹೋಗು ಎಂದು ನಾನೇ ಹೇಳಿದ್ದೆನಲ್ಲ, ಹೋಗಿದೆ. ಕೈಯಲ್ಲಿದ್ದ ಹಳೆಯ ಮಾತನ್ನೇ ಮುದ್ರಿಸಿದೆ. ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ಮನೆಗಳ ಮುಂದಿನ ಹೆಸರು ಬರೆದುಕೊಂಡು ಹೋಗುವವನು, ಬೋರ್ಡಿಲ್ಲದ ಮನೆ ಬಂದಾಗ ಪಕ್ಕದ ಮನೆಯವರ ಹೆಸರನ್ನೇ ಇನ್ನೊಮ್ಮೆ ಬರೆದುಕೊಂಡ ಹಾಗೆ. ರಾಯರ ಬಾಯಿ ಮುಚ್ಚಿಸಿದ ಸಾಕ್ಷಿಯನ್ನು ನಾನೇ ಹುಟ್ಟಿಸಿದ್ದೆ.

"ರಾಯರದ್ದಲ್ಲ," ಎಂದೆ. "ನಂದು. ಯಾರೂ ಬಂದು ಹೇಳಿಲ್ಲಮ್ಮ. ಅವರು ಮನೆ ಬಿಟ್ಟ ದಿನ ಇದ್ರಲ್ಲಿ ಒಂದು ಕಡೆ ಇತ್ತು. ನಾನು ಅದನ್ನ ತಿಥಿ ಅಂದ್ಕೊಂಡೆ."

"ಹಾಗಾದ್ರೆ ಸುದ್ದಿ ಇಲ್ಲ."

"ಇಲ್ಲ."

"ಹೋದ್ರು ಅಂತಲೂ ಇಲ್ಲ."

"ಇಲ್ಲ."

"ಇದ್ದಾರೆ ಅಂತಲೂ..."

ಇದಕ್ಕೆ ನಾನು ಇಲ್ಲ ಎನ್ನಬೇಕಿತ್ತು. ತರ್ಕದ ಪ್ರಕಾರ ಅದೇ ಉತ್ತರ. ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದೆ.

ಸರೋಜಮ್ಮ ಆಗ ಕೂತರು. ರಾಯರು ನೀರು ತಂದುಕೊಟ್ಟರು. ಮಾವನ ಶ್ರಾದ್ಧ ಮಾಡಿಸಲು ಬಂದಿದ್ದಾಗ, ಮಾಡಬೇಕಾದ ಮಗ ಎಲ್ಲಿ ಎಂದು ಕೇಳಿದ ರಾಯರಿಗೆ ಅವರು ಮೆಲ್ಲಗೆ ವಿಷಯ ಹೇಳಿದ್ದರಂತೆ. ಮುಂದೆಂದಾದರೂ ಬೇಕಾದೀತು ಎಂದು ರಾಯರು ಆ ದಿನವನ್ನು ಬರೆದಿಟ್ಟುಕೊಂಡರು. ಅಂಥ ಮನೆಗಳು ಹದಿನಾಲ್ಕು. ಗಂಡ, ಅಣ್ಣ, ಒಬ್ಬ ಮಗಳು. ಪ್ರೋಗ್ರಾಂ ಮಾಡಿದವನಿಗೆ ಹೇಳಿ ಹಾಕಿಸಿಕೊಂಡ ಆ ಕಾಲಮ್ಮಿಗೆ ವಿವರಣೆ ಬೇಡ ಎಂದವರೂ ಅವರೇ. ಬಂದುಹೋಗುವವರು ಪರದೆ ನೋಡುತ್ತಾರೆ, ಕಾರ್ಯದರ್ಶಿಗಳು ಪಟ್ಟಿ ಕೇಳುತ್ತಾರೆ, ಮನೆಯ ಮಾತು ಬೀದಿಗೆ ಬೀಳಬಾರದು. ಆ ದಿನ ಸಭೆಯಲ್ಲಿ ಅವರು ಬಾಯಿ ಬಿಡದೆ ಇದ್ದದ್ದು ಇದಕ್ಕೆ. ನನಗೆ ಕಾರಣ ಹೇಳಬೇಕಾದರೆ ಹದಿನಾಲ್ಕು ಮನೆಗಳ ಗುಟ್ಟನ್ನು ಹೇಳಬೇಕಿತ್ತು.

ನೀರು ಕುಡಿದು ಸರೋಜಮ್ಮ ಕಾರ್ಡನ್ನು ವಿಳಾಸದ ಕಡೆಗೆ ತಿರುಗಿಸಿದರು. "ಇನ್ನೊಂದು. ನಿಮ್ಮ ಟ್ರಸ್ಟಿನ ಯುಗಾದಿ ಕಾಗದ ಬರುವಾಗೆಲ್ಲ ಹೆಸರಿನ ಹಿಂದೆ ಸೌ. ಅಂತ ಇರ್ತಿತ್ತು. ಈ ಸಲ ಶ್ರೀಮತಿ ಅಂತಿದೆ. ನಾನು ಮೊದಲು ನೋಡಿದ್ದು ಅದನ್ನೇ."

ಗಂಡ ಇರುವವರಿಗೆ ಸೌಭಾಗ್ಯವತಿಯ ಸೌ., ಇಲ್ಲದವರಿಗೆ ಬರೀ ಶ್ರೀಮತಿ. ಟ್ರಸ್ಟಿನ ಹಳೆಯ ಪದ್ಧತಿ ಅದು. ಗಂಡನ ತಿಥಿ-1 ತುಂಬಿದೆಯೋ ಖಾಲಿಯೋ ಎಂದು ನೋಡಿ ಪ್ರೋಗ್ರಾಮೇ ಅದನ್ನು ಹಾಕುತ್ತಿತ್ತು.

"ಈಗ್ಲೇ ಸರಿ ಮಾಡ್ತೀನಿ," ಎಂದೆ. "ಮತ್ತೆ ಸೌ. ಅಂತಲೇ ಬರುತ್ತೆ."

"ಬೇಡ."

"ಮತ್ತೆ?"

"ಅದನ್ನ ನೋಡ್ದಾಗ್ಲೂ ಗೊತ್ತಿಲ್ದೋರು ಯಾರೋ ಇದ್ದಾರೆ ಅಂತ ಹೇಳ್ದಂಗೆ ಇರ್ತಿತ್ತು. ಇದು ಇಲ್ಲ ಅಂದಂಗೆ. ಹೆಸರೊಂದು ಬರೀರಿ. ಹಿಂದೆ ಏನೂ ಬೇಡ."

ಹೆಂಗಸರ ಹೆಸರಿನ ಹಿಂದೆ ಇಂಥ ಗುರುತುಗಳೇಕೆ ಎಂದು ಕಾಲೇಜು ವೇದಿಕೆಯ ಮೇಲೆ ಹತ್ತು ನಿಮಿಷ ಮಾತಾಡಿ ನಾನು ಮೊದಲ ಬಹುಮಾನ ಪಡೆದಿದ್ದೆ. ನನ್ನ ಆ ಹತ್ತು ನಿಮಿಷದಲ್ಲಿ ಸರೋಜಮ್ಮನ ಕಾರಣ ಇರಲಿಲ್ಲ.

ಹೆಸರಿನ ಹಿಂದೆ ಏನೂ ಹಾಕದೆ ಬಿಡುವುದನ್ನು ಆ ಪ್ರೋಗ್ರಾಮಿಗೆ ಕಲಿಸಲು ನನಗೆ ಎರಡು ದಿನ ಹಿಡಿಯಿತು. ಆ ಹದಿನಾಲ್ಕು ಹೆಸರುಗಳ ತಿಥಿ-1ನ್ನು ಮತ್ತೆ ಖಾಲಿ ಮಾಡಿದೆ. ಉಳಿದ ಹದಿಮೂರಕ್ಕೆ ಕಾರ್ಡು ಹೋಗುವ ತಿಂಗಳು ಇನ್ನೂ ಬಂದಿರಲಿಲ್ಲ. ಕಾರ್ಯದರ್ಶಿಗಳಿಗೆ ತಪ್ಪು ನನ್ನದೆಂದು ಬರೆದುಕೊಟ್ಟೆ. ಪಟ್ಟಿಯ ಪ್ರೋಗ್ರಾಮಿನಲ್ಲಿ ಪ್ರತಿ ಕಾಲಮ್ಮಿಗೆ ಹೋಗುವ ಮುಂಚೆ ಕೈಯಲ್ಲಿದ್ದುದನ್ನು ಅಳಿಸಿಕೋ ಎಂಬ ಒಂದು ಸಾಲು ಸೇರಿಸಿದೆ. ರಾಜಲಕ್ಷ್ಮಿ ಮೇಡಂ ಎಲ್ಲ ಕೇಳಿಸಿಕೊಂಡು, "ರಾಯರು ಬೇರೆ ಅಂದಾಗ ಫೈಲ್ ತೆರೆದು ನೋಡೋಕೆ ಎಷ್ಟು ಹೊತ್ತು ಹಿಡೀತಿತ್ತು?" ಎಂದರು.

"ಅರ್ಧ ನಿಮಿಷ."

"ವಾದ ಎಷ್ಟು ಹೊತ್ತು ಮಾಡ್ದೆ?"

ನಾನು ಪಟ್ಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಕೊನೆಗೆ ಉಳಿದದ್ದು ತಿಥಿ-2. ಇನ್ನೊಬ್ಬರು ನನ್ನಂತೆ ಎಡವದಿರಲು ಅಲ್ಲಿ ಏನಾದರೂ ಬರೆಯಲೇಬೇಕಿತ್ತು. ರಾಯರನ್ನು ಕೇಳಿದೆ. "ಮನೆ ಬಿಟ್ಟ ದಿನ ಅಂತ ಬರೀಲಾ?"

"ಬೇಡ ತಾಯಿ. ಆ ಪಟ್ಟಿ ನಾಳೆ ಯಾರ ಕೈಗೆ ಸಿಗುತ್ತೋ." ಸ್ವಲ್ಪ ಯೋಚಿಸಿದರು. "ರಾಯರನ್ನು ಕೇಳಿ ಅಂತ ಬರೀರಿ."

ಹಾಗೇ ಬರೆದೆ.

ಆಮೇಲೆ ಪಟ್ಟಿ ತೆಗೆಯುವ ವಿಧಾನ ಮೂರು ಸಲ ಬದಲಾಯಿತು. ಟೇಬಲ್ಲುಗಳ ಗುಂಪನ್ನು ಹಿಡಿದು ಒಂದೊಂದನ್ನೇ ಕೇಳುತ್ತಿದ್ದದ್ದು ಹೋಗಿ, ಒಂದೇ ಆಜ್ಞೆಗೆ ಇಡೀ ವಿವರ ಕೋಷ್ಟಕವಾಗಿ ಕೈಗೆ ಬರುವ ಕಾಲ ಬಂತು. ಮೇಡಂ ಆಫೀಸು ಮುಚ್ಚಿದರು. ನಾನು ಬೇರೆ ಕಡೆ ಸೇರಿದೆ. ನರಹರಿರಾಯರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಹೊಸ ಶತಮಾನದ ಮೊದಲ ದಶಕ ಮುಗಿಯುತ್ತಿದ್ದ ಹೊತ್ತಿಗೆ ಒಂದು ದಿನ ಅಪರಿಚಿತ ಹೆಣ್ಣುದನಿಯೊಂದು ಫೋನ್ ಮಾಡಿತು. ಚಾಮರಾಜಪೇಟೆಯ ಟ್ರಸ್ಟಿನ ಡೇಟಾಬೇಸನ್ನು ಹೊಸ ಕಡೆಗೆ ಸಾಗಿಸುವ ಕೆಲಸ ಅವಳ ಪಾಲಿಗೆ ಬಂದಿತ್ತಂತೆ. ಹಳೆಯ ಕಡತದಲ್ಲಿ ನನ್ನ ನಂಬರು ಸಿಕ್ಕಿತಂತೆ.

"ಮೇಡಂ, ತಿಥಿ-2 ಅಂತ ಒಂದು ಕಾಲಂ ಇದೆ. ಅದರ ಮುಂದೆ ರಾಯರನ್ನು ಕೇಳಿ ಅಂತ ಬರೆದಿದೆ. ಯಾವ ರಾಯರು?"

"ಅವರಿಲ್ಲ. ನನ್ನನ್ನು ಕೇಳಿ," ಎಂದೆ. ಕೂಡಿಸಬಾರದು, ಕಾರ್ಡು ಕಳಿಸಬಾರದು, ಪರದೆಯ ಮೇಲೆ ತೋರಿಸಬಾರದು ಎಂದು ಹೇಳಿದೆ. ಏಕೆ ಎಂದು ಅವಳು ಕೇಳಲಿಲ್ಲ. ಬರೆದುಕೊಂಡಳು.

"ಇನ್ನೊಂದು ಡೌಟು. ಎಲ್ಲಾ ಹೆಂಗಸರ ಹೆಸರಿನ ಹಿಂದೆಯೂ ಏನೋ ಒಂದಿದೆ. ಸರೋಜಮ್ಮ ಅಂತ ಬಸವನಗುಡಿಯವರು ಒಬ್ಬರಿದ್ದಾರೆ, ಅವರದ್ದು ಮಾತ್ರ ಖಾಲಿ. ಗಂಡನ ತಿಥಿಯೂ ಖಾಲಿ. ಟೈಪ್ ಮಾಡುವಾಗ ಬಿಟ್ಟುಹೋಗಿದೆಯಾ?"

ಹಾಗಾದರೆ ಇನ್ನೂ ಸುದ್ದಿ ಬಂದಿಲ್ಲ ಎಂದುಕೊಂಡೆ.

"ಬಿಟ್ಟುಹೋಗಿಲ್ಲಮ್ಮ," ಎಂದೆ. "ಅವರೇ ಬಿಡಿಸಿದ್ದು."